ಬೋರ್ಡಿನ ತಲೆಕಟ್ಟು

ನನಗೊಂದು ಚಟವಿದೆ. ಬೀದಿಯಲ್ಲಿ ನಡೆಯುವಾಗ ಅಂಗಡಿಗಳ ಬೋರ್ಡು ಓದುತ್ತೇನೆ. ಇದರಲ್ಲೇನು ವಿಶೇಷ, ಅಕ್ಷರ ಬಂದವರೆಲ್ಲ ಓದುತ್ತಾರೆ ಎನ್ನಬೇಡಿ. ಎಲ್ಲರೂ ಓದುವುದು ದೊಡ್ಡ ಅಕ್ಷರಗಳನ್ನು. ನಾನು ಓದುವುದು ಕೆಳಗಿನ ಮೂಲೆಯಲ್ಲಿ, ಜಾಗ ಸಾಲದೆ ಪೇಂಟರು ಇರುವೆ ಸಾಲಿನ ಹಾಗೆ ಬರೆದಿರುತ್ತಾನಲ್ಲ, ಅದನ್ನು. ನೋಂದಾಯಿತ ಕಚೇರಿ ಇಂಥ ಊರು, ಶಾಖೆ ಇಂಥ ಊರು. ಅದು ಸರಿಯಾಗಿದ್ದರೆ ನನ್ನ ಎದೆ ಹಗುರಾಗುತ್ತದೆ. ಇಲ್ಲದಿದ್ದರೆ, ಆ ಅಂಗಡಿಯವನು ನನಗೆ ನೆಂಟನಲ್ಲ ಇಷ್ಟನಲ್ಲ, ಆದರೂ ಅವನ ಪರವಾಗಿ ಬೀದಿಯಲ್ಲಿ ನಿಂತು ಬೆವರುತ್ತೇನೆ. "ಹೊರಗೆ ನಿಂತು ಓದಿದ್ದು ಸಾಕು, ಒಳಗೆ ಬಂದು ಸೀರೆ ಬಣ್ಣ ನೋಡ್ರಿ" ಎಂದು ನನ್ನ ಹೆಂಡತಿ ಎಷ್ಟೋ ಸಲ ಅಂಗಡಿಯೊಳಗಿಂದ ಕೂಗಿದ್ದಾಳೆ.

ದಿಗಿಲು ನಮ್ಮ ಮನೆತನದ ಪಿತ್ರಾರ್ಜಿತ. ನಮ್ಮ ತಂದೆಯವರು ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವಾಗ ಬಸ್ಸಿನ ಟಿಕೇಟನ್ನು ಕಳೆದುಹೋದೀತೆಂದು ದಾರಿಯುದ್ದಕ್ಕೂ ಮುಷ್ಟಿಯಲ್ಲಿ ಹಿಡಿದಿರುತ್ತಿದ್ದರು. ಇಳಿಯುವ ಹೊತ್ತಿಗೆ ಬೆವರಿಗೆ ಅದರ ಅಕ್ಷರವೆಲ್ಲ ಅಳಿಸಿಹೋಗಿರುತ್ತಿತ್ತು. ಈಗ ತಪಾಸಣೆಯವರು ಬಂದರೆ ಏನು ಗತಿ ಎಂದು ಹೊಸ ದಿಗಿಲು ಶುರುವಾಗುತ್ತಿತ್ತು. ಹೊಲ ಮನೆ ಅಣ್ಣತಮ್ಮಂದಿರಲ್ಲಿ ಹಂಚಿಹೋಯಿತು. ದಿಗಿಲು ಮಾತ್ರ ಪಾಲಾಗದೆ ಇಡಿಯಾಗಿ ನನಗೇ ಬಂತು. ಇಂಥ ನಾನು ಎಪ್ಪತ್ತರ ದಶಕದಲ್ಲಿ ಕೆಲವು ವರ್ಷ ಒಂದು ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರ್ ಆಗಿದ್ದೆ ಎಂದರೆ ನನ್ನನ್ನು ಬಲ್ಲವರು ನಗುತ್ತಾರೆ. ಹಗಲೆಲ್ಲ ಹಿರಿಯೂರಿನ ಎಣ್ಣೆ ಗಿರಣಿಯಲ್ಲಿ ಗುಮಾಸ್ತ, ಸಂಜೆ ಐದರ ಮೇಲೆ ಮ್ಯಾನೇಜಿಂಗ್ ಡೈರೆಕ್ಟರ್.

ಕಂಪನಿ ಎಂಬ ಮಾತು ಇಂಗ್ಲಿಷಿನಿಂದ ಬಂದದ್ದೆಂದು ತಿಳಿದವರು ಹೇಳುತ್ತಾರೆ. ನನ್ನ ಅನುಭವದಲ್ಲಿ ಅದು ಸಂಸ್ಕೃತದ 'ಕಂಪನ'ದಿಂದ ಬಂದದ್ದು. ನಡುಕ ಕಂಪನ, ನಡುಗಿದವನು ಕಂಪಿತ, ನಡುಗಿಸುವಂಥದು ಕಂಪನಿ. ವ್ಯಾಕರಣದವರು ಇದನ್ನು ಒಪ್ಪಲಿಕ್ಕಿಲ್ಲ. ಅವರಲ್ಲಿ ಯಾರೂ ಡೈರೆಕ್ಟರ್ ಆಗಿದ್ದವರಲ್ಲ. ನಮ್ಮ ಸೀಮೆಯ ಜನಕ್ಕಂತೂ ಆಗ ಕಂಪನಿ ಎಂದರೆ ನಾಟಕದ ಕಂಪನಿಯೇ. ಹೊಸದುರ್ಗದ ಸಂತೆಯಲ್ಲಿ ಉಣ್ಣೆ ಕೊಳ್ಳುತ್ತ, "ನಮ್ಮದೊಂದು ಕಂಪನಿ ಆಗಿದೆ" ಎಂದು ನಾನು ಗತ್ತಿನಲ್ಲಿ ಹೇಳಿದರೆ, ಕುರಿಯ ಯಜಮಾನರೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, "ಏನಪ್ಪ, ನಿಂದು ಯಾವ ಪಾರ್ಟು? ಹೆಣ್ಣಿಂದಾ?" ಎಂದು ಕೇಳಿದರು. ಹೊಳಲ್ಕೆರೆಯ ನೇಕಾರರೊಬ್ಬರು ನಮ್ಮಲ್ಲಿ ಷೇರು ತೆಗೆದುಕೊಂಡದ್ದೇ ಮುಂದಿನ ಸಾಲಿನಲ್ಲಿ ಕುರ್ಚಿ ಸಿಗುತ್ತದೆಂಬ ಆಸೆಗೆ ಎಂದು ನನಗೆ ಇವತ್ತಿಗೂ ಗುಮಾನಿ.

ನಮ್ಮದು ಕಂಬಳಿ ಕಂಪನಿ. ಅದು ಹುಟ್ಟಿದ್ದು ನನ್ನ ಸೋದರಮಾವನ ತಲೆಯಿಂದ. ಮಾತಿನ ಚಮತ್ಕಾರಕ್ಕೆ ಹೇಳುತ್ತಿಲ್ಲ. ನಿಜವಾಗಿ ತಲೆಯಿಂದ, ತಲೆಯ ಮೇಲಿದ್ದ ರುಮಾಲಿನಿಂದ.

ಮಾವನ ಹೆಸರು ಕರಿಯಪ್ಪ. ಊರು ಜವನಗೊಂಡನಹಳ್ಳಿಯ ಹತ್ತಿರದ ಕೆಂಚನಹಟ್ಟಿ. ಕುರಿ ಸಾಕುವುದು, ಉಣ್ಣೆ ಕತ್ತರಿಸುವುದು, ಹೆಂಗಸರು ನೂತ ನೂಲಿಗೆ ಹುಣಸೆಬೀಜದ ಗಂಜಿ ಹಾಕಿ ಕಂಬಳಿ ನೇಯುವುದು, ಇದು ಆ ಹಟ್ಟಿಯ ಬದುಕು. ನೇಯ್ದ ಕಂಬಳಿಗಳನ್ನು ಹೆಗಲ ಮೇಲೆ ಹೊತ್ತು ಮಾವ ಧರ್ಮಪುರದ ಕಡೆಯಿಂದ ಆಂಧ್ರದ ಗಡಿ ದಾಟಿ ಊರೂರು ತಿರುಗಿ ಮಾರಿ ಬರುತ್ತಿದ್ದರು. ಗಡಿ ಎಂಬುದು ಅಲ್ಲೊಂದು ಇದೆ ಎಂದು ಅವರಿಗೆ ಅನ್ನಿಸಿದ್ದೇ ಇಲ್ಲ. ಕುರಿಗೆ ಗೊತ್ತಿಲ್ಲ, ಮೋಡಕ್ಕೆ ಗೊತ್ತಿಲ್ಲ, ಇವರಿಗೆ ಹೇಗೆ ಗೊತ್ತಾಗಬೇಕು? ಮಗಳು ಲಕ್ಕಮ್ಮನನ್ನು ಗಡಿಯಾಚೆಗಿನ ಹಳ್ಳಿಗೇ ಕೊಟ್ಟಿದ್ದರು. ಸರಿಯಾಗಿ ನೋಡಿದರೆ ಲಕ್ಕಮ್ಮ ನನಗೇ ಆಗಬೇಕಾದವಳು. ಮಾತು ಬಂದಾಗ ಅವಳೇ, "ಬಿಸ್ಲಾಗೆ ಛತ್ರಿ ಹುಡುಕೋ ಗಂಡು ನಂಗೆ ಬ್ಯಾಡ" ಎಂದುಬಿಟ್ಟಳಂತೆ. ನಾನು ಆಗಲೂ ಬಿಸಿಲಿನಲ್ಲಿ ಛತ್ರಿ ಹುಡುಕುತ್ತಿದ್ದುದು ಬಿಸಿಲಿಗಾಗಿ ಅಲ್ಲ, ಇದ್ದಕ್ಕಿದ್ದಂತೆ ಮಳೆ ಬಂದರೆ ಎಂದು. ಅವಳು ಬದುಕಿಕೊಂಡಳು.

ಒಂದು ವರ್ಷ ಮಾವ ಕಂಬಳಿ ಗಂಟು ಹೊತ್ತು ಮಗಳ ಊರಿಗೆ ಹೊರಟಾಗ ಗಡಿಯ ತನಿಖಾ ಠಾಣೆಯಲ್ಲಿ ತಡೆದರು. ಮಾರಾಟ ತೆರಿಗೆಯ ಕಾಗದ ಎಲ್ಲಿ ಎಂದು ಕೇಳಿದರು. ಕಂಬಳಿಗೆ ಕಾಗದವೆಂಥದು ಎಂದು ಮಾವ ನಕ್ಕರು. ನಗಬಾರದಿತ್ತು. ಅಲ್ಲಿದ್ದ ಪೇದೆ ಗಂಟು ಬಿಚ್ಚಿಸಿದ. ಆಮೇಲೆ, ತಲೆಯಲ್ಲೇನು ಅಡಗಿಸಿದ್ದೀಯ ಎಂದು ರುಮಾಲು ಬಿಚ್ಚಿಸಿದ. ಅದರಲ್ಲಿ ಎಲೆಯಡಿಕೆ ಬಿಟ್ಟು ಏನೂ ಸಿಗದ ಸಿಟ್ಟಿಗೋ ಏನೋ, "ದೊಂಗ" ಎಂದು ಬೈದ. ತೆಲುಗಿನ ಆ ಮಾತಿಗೆ ಕಳ್ಳ ಎಂದು ಅರ್ಥವೆಂಬುದು ನಮ್ಮ ಗಡಿ ಹಳ್ಳಿಗಳ ಕೂಸಿಗೂ ಗೊತ್ತು. ಸಂತೆಗೆ ಹೊರಟಿದ್ದ ಬೀಗರ ಊರಿನವರು ನಾಲ್ಕು ಜನ ಅಲ್ಲೇ ನಿಂತು ನೋಡುತ್ತಿದ್ದರು. ಮಾವ ಬಿಚ್ಚಿದ ರುಮಾಲನ್ನು ಹೆಗಲಿಗೆ ಹಾಕಿಕೊಂಡು ತಿರುಗಿ ಬಂದುಬಿಟ್ಟರು. ಮತ್ತೆ ಅದನ್ನು ತಲೆಗೆ ಸುತ್ತಲಿಲ್ಲ.

ನಮ್ಮ ಕಡೆ ಆ ವಯಸ್ಸಿನ ಗಂಡಸು ಬರಿತಲೆಯಲ್ಲಿ ತಿರುಗಿದರೆ ಮನೆಯಲ್ಲಿ ಏನೋ ಕೆಟ್ಟದ್ದಾಗಿದೆಯೆಂದೇ ಜನ ತಿಳಿಯುತ್ತಾರೆ. ಅತ್ತೆ ಹೇಳಿದರು, ಅಮ್ಮ ಅತ್ತರು. ಮಾವನದು ಒಂದೇ ಮಾತು: "ಬಿಚ್ಚಿಸಿದೋರ ಕೈಲೇ ಕಟ್ಟಿಸ್ಕಣ್ತೀನಿ. ಅಲ್ಲೀಗಂಟ ನಾನು ಆ ಗಡಿ ದಾಟಲ್ಲ, ಮಗಳ ಮನ್ಯಾಗೆ ಕೈ ತೊಳ್ಯಲ್ಲ." ಅತ್ತ ಲಕ್ಕಮ್ಮನ ಅತ್ತೆ, "ನಿಮ್ಮಪ್ಪಗೆ ನಮ್ಮನೆ ಹೊಸ್ತಿಲು ಮುಳ್ಳಾಗಿ ಚುಚ್ತದಾ?" ಎಂದು ಸೊಸೆಯನ್ನು ದಿನಾ ಚುಚ್ಚತೊಡಗಿದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಮಾವನದು ಅಡಿಕೆಯ ಜೊತೆ ಎಲೆಯೂ ಸೇರಿ ಹೋಗಿತ್ತು.

ಕೊನೆಗೆ ಅವರು ಒಂದು ದಿನ ನನ್ನ ಬಾಡಿಗೆ ಮನೆಗೆ ಬಂದು, "ಅಳಿಯಾ, ನೀನು ಬೀಕಾಂ ಓದೀಯ. ಕಾಗ್ದ ಇದ್ರೆ ಕಳ್ಳ ಅಲ್ಲ, ಇಲ್ದಿದ್ರೆ ಕಳ್ಳ ಅಂತಾರಲ್ಲ, ಆ ಕಾಗ್ದ ಮಾಡ್ಸು. ಸಣ್ಣಪುಟ್ಟದ್ದು ಬ್ಯಾಡ. ದೊಡ್ಡದೇ ಆಗ್ಲಿ" ಎಂದರು. ಸಹಕಾರ ಸಂಘ ಮಾಡೋಣವೆಂದೆ. ಸಂಘವೆಂದರೆ ಚುನಾವಣೆ, ಚುನಾವಣೆಯೆಂದರೆ ಹಟ್ಟಿಯಲ್ಲಿ ಎರಡು ಗುಂಪು, ಬೇಡ ಎಂದರು. ಹೀಗೆ ಮಾವನ ರುಮಾಲಿಗಾಗಿ, ನೇಕಾರ ನೆಂಟರನ್ನೆಲ್ಲ ಸೇರಿಸಿಕೊಂಡು 'ಕೆಂಚನಹಟ್ಟಿ ಕಂಬಳಿ ಕಂಪನಿ ಪ್ರೈವೇಟ್ ಲಿಮಿಟೆಡ್' ಹುಟ್ಟಿತು. ಡೈರೆಕ್ಟರುಗಳು ಇಬ್ಬರು. ಒಬ್ಬರು ಯಾವುದಕ್ಕೂ ಹೆದರದವರು, ಇನ್ನೊಬ್ಬ ಎಲ್ಲದಕ್ಕೂ ಹೆದರುವವನು. ಸರಾಸರಿ ತೆಗೆದರೆ ಯೋಗ್ಯವಾದ ಆಡಳಿತ ಮಂಡಳಿ.

ಕಂಪನಿ ಹುಟ್ಟಿದ್ದು ಸುಲಭ. ಅದನ್ನು ಗಡಿ ದಾಟಿಸುವುದು ಕಷ್ಟ. ಲಕ್ಕಮ್ಮನ ಮನೆಯ ಜಗಲಿ ಕೋಣೆಯನ್ನೇ ಆಂಧ್ರದ ಮಾರಾಟ ಮಳಿಗೆ ಮಾಡುವುದೆಂದು ತೀರ್ಮಾನಿಸಿ, ನಾವಿಬ್ಬರೂ ಚಿತ್ರದುರ್ಗಕ್ಕೆ ಹೋಗಿ, ಕೋಟೆಯ ಬುಡದ ಬೀದಿಯಲ್ಲಿದ್ದ ಆಡಿಟರನ್ನು ಕಂಡೆವು. ಆಡಿಟರು ಕನ್ನಡಕ ಹಣೆಗೇರಿಸಿ, "ಹೊರರಾಜ್ಯದಲ್ಲಿ ವ್ಯವಹಾರ ಅಂದ್ರೆ ಹುಡುಗಾಟ ಅಲ್ಲ. ಅಲ್ಲಿ ನೋಂದಣಿ ಆಗ್ಬೇಕು. ಎಲ್ಲಕ್ಕಿಂತ ಮೊದಲು ಬೋರ್ಡ್ ಆಗ್ಬೇಕು. ಬೋರ್ಡ್ ಆಗ್ದೆ ಅರ್ಜಿನೇ ಕೊಡೋ ಹಾಗಿಲ್ಲ" ಎಂದರು. ನಾವಿಬ್ಬರೂ ಗಂಭೀರವಾಗಿ ತಲೆಯಾಡಿಸಿದೆವು.

ಒಂದೇ ಮಾತಿಗೆ ಇಬ್ಬರು ತಲೆಯಾಡಿಸಿದರೆ ಇಬ್ಬರಿಗೂ ಒಂದೇ ಅರ್ಥವಾಯಿತೆಂದು ತಿಳಿಯುವುದು ಲೋಕದ ಅರ್ಧ ಜಗಳಕ್ಕೆ ಮೂಲ. ಆಡಿಟರು ಹೇಳಿದ ಬೋರ್ಡು ಡೈರೆಕ್ಟರುಗಳ ಸಭೆ. ಕೂತು ನಿರ್ಣಯ ಮಾಡಬೇಕು ಎಂದು. ನಾನು ಹಾಗೇ ತಿಳಿದು, ಅವತ್ತೇ ಸಂಜೆ ಮಾವನನ್ನು ಕಂಬಳಿ ಹಾಸಿ ಕೂರಿಸಿ, ನಿರ್ಣಯ ಬರೆದು, ಅವರ ಹೆಬ್ಬೆಟ್ಟು ಒತ್ತಿಸಿಕೊಂಡೆ. ಮಾವನಿಗೆ ಬೋರ್ಡು ಎಂದರೆ ಗೋಡೆಯ ಮೇಲೆ ತೂಗುಹಾಕುವ ತಗಡು. ಅವರು ಮರುದಿನ ಏನು ಮಾಡಿದರೆಂಬುದು ನನಗೆ ಬಹಳ ದಿನ ಗೊತ್ತಾಗಲಿಲ್ಲ.

ಅರ್ಜಿ ಕಳಿಸಿದ ಮೇಲೆ ನನ್ನ ದಿಗಿಲಿಗೆ ಸುಗ್ಗಿ. ಅದೇ ಹೊತ್ತಿಗೆ ನಮ್ಮ ರಾಜ್ಯ ಮೈಸೂರು ಹೋಗಿ ಕರ್ನಾಟಕವಾಗಿತ್ತು. ಊರೆಲ್ಲ ಸಂಭ್ರಮ, ನಾನು ಮಾತ್ರ ಕಂಪನಿಯ ಕಾಗದಗಳನ್ನು ಹರವಿಕೊಂಡು ಕೂತೆ. ಕಂಪನಿಯ ಜನ್ಮಪತ್ರದಲ್ಲಿ ಮೈಸೂರು ರಾಜ್ಯ, ಅರ್ಜಿಯಲ್ಲಿ ಕರ್ನಾಟಕ ರಾಜ್ಯ. ಮೈಸೂರಿನಲ್ಲಿ ಹುಟ್ಟಿದ ಕಂಪನಿ ಕರ್ನಾಟಕದಲ್ಲಿ ಹೇಗಿದೆ, ಕರ್ನಾಟಕಕ್ಕೆ ಬಂದಾಗ ಎಲ್ಲಿ ನೋಂದಣಿ ಮಾಡಿಸಿದಿರಿ ಎಂದು ಆಂಧ್ರದವರು ಕೇಳಿದರೆ? ಹೊರರಾಜ್ಯಕ್ಕೆ ಹೋಗಲು ನಾವು ಇಷ್ಟೆಲ್ಲ ಒದ್ದಾಡುತ್ತಿದ್ದೆವು. ಕೂತಲ್ಲೇ ಕೂತಿದ್ದಾಗ ರಾಜ್ಯವೇ ನಮ್ಮ ಕೆಳಗಿನಿಂದ ಜರುಗಿ ನಾವು ಆಗಲೇ ಹೊರರಾಜ್ಯದಲ್ಲಿದ್ದೆವು. ಇದನ್ನು ಮಾವನಿಗೆ ವಿವರಿಸಿದೆ. ಅವರು, "ಲೇ, ಮದ್ವೆ ಆದ್ಮೇಲೆ ಸೊಸೆ ಹೆಸ್ರು ಬದ್ಲಾಯ್ಸಿದ್ರೆ ಸೊಸೆ ಬ್ಯಾರೆ ಆಗ್ತಾಳೇನ್ಲೇ?" ಎಂದರು. ಆಡಿಟರೂ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಆದರೆ ಅವರು ಶುಲ್ಕ ತೆಗೆದುಕೊಂಡು ಹೇಳಿದ್ದರಿಂದ ನನಗೆ ಸ್ವಲ್ಪ ಸಮಾಧಾನವಾಯಿತು.

ಸಂಕಟ ಬಂದಾಗ ವೆಂಕಟರಮಣ. ಹೊಸದುರ್ಗಕ್ಕೆ ಉಣ್ಣೆಗೆ ಹೋದಾಗ ಹೆಂಡತಿಯನ್ನೂ ಕರೆದುಕೊಂಡು ಹಾಲುರಾಮೇಶ್ವರಕ್ಕೆ ಹೋದೆ. ಅಲ್ಲಿಯ ಕೊಳದ ಮುಂದೆ ಕೂತು ಬೇಡಿಕೊಂಡರೆ ಗಂಗಮ್ಮ ಏನಾದರೊಂದನ್ನು ತೇಲಿಸಿ ಕೊಡುತ್ತಾಳೆ. ಹೂವು, ಹಣ್ಣು, ಬಳೆ, ಅವರವರ ಪ್ರಾಪ್ತಿ. ನೋಂದಣಿ ಆಗಲಿ ತಾಯಿ ಎಂದು ಕಣ್ಣುಮುಚ್ಚಿ ಕೂತೆ. ತೇಲಿ ಬಂದದ್ದು ಒಂದು ಬಾಳೆಹಣ್ಣು. ಪಕ್ಕದಲ್ಲಿದ್ದವರೆಲ್ಲ ಶುಭ ಎಂದರು. ಆದರೆ ಅದರ ತುದಿ ಒಂದಿಷ್ಟು ಕಪ್ಪಾಗಿತ್ತು. ತಾಯಿ ಹೌದೆಂದಳೋ, ಹೌದು ಆದರೆ ಎಂದಳೋ? ವಾಪಸು ಬರುವಾಗ ಬಸ್ಸಿನಲ್ಲಿ ಅದೇ ಯೋಚನೆ. ನೋಡಿದರೆ ಹೆಂಡತಿ ಹಣ್ಣು ಸುಲಿದು ಅರ್ಧ ತಿಂದಿದ್ದಳು. "ಕಪ್ಪಾಗಿದ್ದ ಕಡೆಯೇ ಹೆಚ್ಚು ಸಿಹಿ" ಎಂದಳು. ದೇವರ ಉತ್ತರವನ್ನು ತಿಂದುಬಿಟ್ಟವಳ ಜೊತೆ ವಾದ ಮಾಡಿ ಏನು ಪ್ರಯೋಜನ?

ಕೊನೆಗೊಂದು ದಿನ ಆಂಧ್ರದ ಮಾರಾಟ ತೆರಿಗೆ ಕಚೇರಿಯಿಂದ ಕಾಗದ ಬಂತು. ಬರುವ ಸೋಮವಾರ ಅಧಿಕಾರಿಯೊಬ್ಬರು ವ್ಯವಹಾರದ ಸ್ಥಳವನ್ನು ಖುದ್ದಾಗಿ ನೋಡಲು ಬರುತ್ತಾರೆ, ಡೈರೆಕ್ಟರುಗಳು ಹಾಜರಿರತಕ್ಕದ್ದು. ಹಾಜರಿರತಕ್ಕದ್ದು ಎಂಬ ಮಾತನ್ನು ಓದಿಯೇ ನನಗೆ ನೀರಡಿಕೆಯಾಯಿತು. ಚಿತ್ರದುರ್ಗಕ್ಕೆ ಓಡಿದೆ. ಆಡಿಟರು ಎಲ್ಲ ಕಾಗದ ಜೋಡಿಸಿಕೊಟ್ಟು, ಹೊರಡುವಾಗ, "ಅಂದ ಹಾಗೆ, ಕಂಪನಿ ಹೆಸರು ಬಾಗಿಲ ಮೇಲೆ ಆ ಊರಿನ ಲಿಪಿಯಲ್ಲಿ ಇರ್ಬೇಕು. ಕಾನೂನು" ಎಂದರು. ಬಾಗಿಲವರೆಗೂ ಬಂದವನ ಬೆನ್ನಿಗೆ ಹೀಗೆ ಕಾನೂನು ಎಸೆಯುವುದು ಆಡಿಟರುಗಳಿಗೆ ಯಾರು ಕಲಿಸುತ್ತಾರೋ.

ಹಿರಿಯೂರಿನಲ್ಲಿ ಆಗ ಸಿನಿಮಾ ಬೋರ್ಡು ಬರೆಯುವ ಪೇಂಟರ್ ಬಾಷಾ ಎಂಬುವರಿದ್ದರು. ಹೆಸರಿಗೆ ತಕ್ಕಂತೆ ಅವರ ಕೈಗೆ ಹಲವು ಭಾಷೆ ಗೊತ್ತಿತ್ತು. ಕಂಪನಿಯ ಹೆಸರು ಹೇಳಿ ತೆಲುಗಿನಲ್ಲೊಂದು ಬೋರ್ಡು ಬೇಕೆಂದೆ. ಬಾಷಾ ನನ್ನನ್ನು ವಿಚಿತ್ರವಾಗಿ ನೋಡಿ, "ಇನ್ನೊಂದಾ ಸಾಮಿ?" ಎಂದರು. ಅವಸರದಲ್ಲಿದ್ದ ನಾನು "ಹೌದು ಹೌದು, ಬೇಗ" ಎಂದೆ. ಇನ್ನೊಂದು ಎಂದರೆ ಮೊದಲೊಂದು ಇರಬೇಕಲ್ಲ ಎಂದು ನನಗೆ ಹೊಳೆಯಲಿಲ್ಲ. ಹೆದರುವವರ ಹಣೆಬರಹವೇ ಇಷ್ಟು. ಹೆದರಬೇಕಾದ್ದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಹೆದರುತ್ತಿರುತ್ತೇವೆ.

ತೆಲುಗು ಲಿಪಿಯ ವಿಷಯ ಬಂದದ್ದರಿಂದ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಅಕ್ಷರಗಳೂ ಅವರ ಅಕ್ಷರಗಳೂ ಒಂದೇ ತಾಯಿಯ ಮಕ್ಕಳು. ಬಹಳ ಕಾಲ ಒಂದೇ ಮನೆಯಲ್ಲಿದ್ದು ಆಮೇಲೆ ಬೇರೆ ಒಲೆ ಹೂಡಿದವು. ಕಾಗುಣಿತದ ಹೆಸರುಗಳು ಕೂಡ ಹೆಚ್ಚುಕಡಿಮೆ ಒಂದೇ. ನಮ್ಮ ಕೊಂಬು ಅವರ ಕೊಮ್ಮು, ನಮ್ಮ ಏತ್ವ ಅವರ ಎತ್ವಂ, ನಮ್ಮ ತಲೆಕಟ್ಟು ಅವರ ತಲಕಟ್ಟು. ಅಕ್ಷರದ ನೆತ್ತಿಯ ಮೇಲೆ ಎಳೆಯುವ ಆ ಗೆರೆಯಲ್ಲೇ ಮುಖ್ಯ ವ್ಯತ್ಯಾಸ. ನಾವು ಅಡ್ಡ ಎಳೆದು ತುದಿ ಸುರುಳಿ ಸುತ್ತುತ್ತೇವೆ. ಅವರು ಮೇಷ್ಟರು ಸರಿ ಗುರುತು ಹಾಕುವಂತೆ ಚಕ್ಕನೆ ಗೀಚುತ್ತಾರೆ. ಮೈ ಅದೇ, ರುಮಾಲು ಸುತ್ತುವ ರೀತಿ ಬೇರೆ. ಇದು ಅಂದು ನನಗೆ ತಿಳಿಯದ ಸಂಗತಿಯೇನಲ್ಲ. ಆದರೆ ದಿಗಿಲು ಹಿಡಿದವನಿಗೆ ತಿಳಿದದ್ದು ಹೊತ್ತಿಗೆ ಒದಗುವುದಿಲ್ಲ.

ಸೋಮವಾರ ಬೆಳಿಗ್ಗೆ ಬಾಷಾ ಕೊಟ್ಟ ಬೋರ್ಡಿನ ಬಣ್ಣ ಇನ್ನೂ ಹಸಿಯಿತ್ತು. ಬಸ್ಸಿನ ಟಾಪಿನ ಮೇಲೆ ಜೋಪಾನವಾಗಿ ಮಲಗಿಸಿದೆ. ಮಾವ ಬಂದರು, ಬರಿತಲೆ, ಹೆಗಲ ಮೇಲೆ ಅದೇ ರುಮಾಲು. ಮಗಳಿಗೆ ನೂಲಲೆಂದು ಒಂದು ಮೂಟೆ ಉಣ್ಣೆ ತಂದಿದ್ದರು. ಗಡಿ ದಾಟಲು ಒಪ್ಪಿದ್ದೂ ದೊಡ್ಡದೇ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿಯ ಚೀಟಿಯಿದೆ, ಅದು ಕಾಗದವೇ ಎಂದು ನಾನು ವಾರವೆಲ್ಲ ಹೇಳಿದ ಮೇಲೆ ಹೂಂ ಎಂದಿದ್ದರು. ತನಿಖಾ ಠಾಣೆ ಬಂತು. ಬಸ್ಸು ನಿಂತಿತು. ಯಾರೂ ಕೇಳುವ ಮೊದಲೇ ಮಾವ ಎದ್ದು, ಚೀಟಿಯನ್ನು ಕಿಟಕಿಯಿಂದ ಹೊರಗೆ ಚಾಚಿ, "ನೋಡ್ರಿ, ನಂದು ಕಾಗ್ದ ಐತೆ, ನೋಡ್ರಿ" ಎಂದು ಕೂಗಿದರು. ಕೆಳಗಿದ್ದ ಪೇದೆ ಹೊಸಬ. ಅವನು ಆಕಳಿಸಿ ಬಸ್ಸು ಬಿಡುವಂತೆ ಕೈ ಬೀಸಿದ. ಮಾವ ಚೀಟಿ ಹಿಡಿದ ಕೈಯನ್ನು ಬಹಳ ಹೊತ್ತು ಒಳಗೆ ತೆಗೆದುಕೊಳ್ಳಲಿಲ್ಲ. "ಇಲ್ದಾಗ ನೋಡಿದ್ರು, ಇದ್ದಾಗ ನೋಡಲ್ಲ" ಎಂದು ಕುಕ್ಕರಿಸಿದರು. ಇಷ್ಟು ದಿನ ನಾನು ಫಾರಂಗಳಿಗೆ ಹೆದರಿದ್ದೆ, ಈ ಮನುಷ್ಯನಿಗಾಗಿ ಹೆದರಿದ್ದು ಅದೇ ಮೊದಲು. ಇವತ್ತು ಆಗಲಿಲ್ಲ ಎಂದರೆ ಈ ತಲೆ ಹೀಗೇ ಬರಿದಾಗಿ ಮಣ್ಣಿಗೆ ಹೋಗುತ್ತದೆ.

ಊರು ಬಂತು. ಟಾಪಿನಿಂದ ಬೋರ್ಡು ಇಳಿಸಿದರೆ ಅದರಲ್ಲಿ ಅಕ್ಷರಗಳಿರಲಿಲ್ಲ. ಉಣ್ಣೆ ಇತ್ತು. ಗಾಳಿಗೆ ಬೋರ್ಡು ಹಾರಿಹೋಗದಿರಲಿ ಎಂಬ ಕಾಳಜಿಯಿಂದ ಮಾವ ಬಾಯಿ ಸಡಿಲವಾಗಿದ್ದ ಉಣ್ಣೆ ಮೂಟೆಯನ್ನು ಹಸಿ ಬಣ್ಣದ ಮೇಲೇ ಇಟ್ಟಿದ್ದರು. ತೆಲುಗು ಅಕ್ಷರಗಳಿಗೆಲ್ಲ ಮೈತುಂಬ ಕರಿ ತುಪ್ಪಳ ಬಂದು, ಬೋರ್ಡು ಆಗತಾನೇ ಹುಟ್ಟಿದ ಕುರಿಮರಿಯಂತಿತ್ತು. ಕಂಬಳಿಯ ಮೇಲೆ ಕೂತು ಉಣ್ಣುವವನು ಕೂದಲಿಗೆ ಹೇಸಬಾರದು ಎನ್ನುತ್ತಾರೆ. ನನಗೆ ಹೇಸಿಗೆಯಲ್ಲ, ಅಳು ಬಂತು. ಉಗುರಿನಿಂದ ಒಂದೊಂದೇ ಎಳೆ ಕೀಳುತ್ತ ಲಕ್ಕಮ್ಮನ ಮನೆಯ ಮುಂದೆ ಬಂದು ತಲೆಯೆತ್ತಿದೆ. ಬಾಗಿಲ ಮೇಲೆ ಆಗಲೇ ಒಂದು ಬೋರ್ಡು ತೂಗುತ್ತಿತ್ತು. ಹಳದಿ ತಗಡು, ಕೆಂಪು ಅಕ್ಷರ, ಅಚ್ಚಗನ್ನಡ.

"ಇದ್ಯಾವಾಗ ಮಾವ?"

"ಆಡಿಟ್ರು ಮೊದ್ಲು ಬೋರ್ಡು ಆಗ್ಬೇಕು ಅಂದ್ರಲ್ಲ. ಮಾರನೇ ದಿನಾನೇ ಬಾಷಾಗೆ ಹೇಳ್ದೆ. ಲಕ್ಕಮ್ಮನ ಗಂಡನ ಗಾಡೀಲಿ ಕಳ್ಸಿದ್ದೆ" ಎಂದು ಮಾವ, ನನ್ನ ಕೈಯಲ್ಲಿದ್ದ ತುಪ್ಪಳದ ಬೋರ್ಡನ್ನು ನೋಡಿ, "ಇದ್ಯಾಕೆ ಬೇಕಿತ್ತೋ" ಎಂದರು. ಕನ್ನಡದ ಬೋರ್ಡನ್ನು ಇಳಿಸೋಣವೆಂದು ನಾನು ಏಣಿಗೆ ಕೂಗುತ್ತಿರುವಾಗಲೇ ಅಧಿಕಾರಿ ಬಂದರು.

ನನ್ನ ಕಲ್ಪನೆಯಲ್ಲಿ ಅವರು ಹುರಿಮೀಸೆಯವರು, ಜೀಪಿನಿಂದ ಧುಮುಕುವವರು. ಬಂದವರು ಸಣಕಲು ಮನುಷ್ಯ, ಜವಾನನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು, ಮಡಿಲಲ್ಲಿ ಛತ್ರಿ ಇಟ್ಟುಕೊಂಡಿದ್ದರು. ಬಿಸಿಲಿನಲ್ಲಿ ಛತ್ರಿ! ನನ್ನ ಕುಲದವರೇ ಇರಬೇಕೆಂದು ಒಂದು ಕ್ಷಣ ಧೈರ್ಯ ಬಂತು, ಹೋಯಿತು. ಲಕ್ಕಮ್ಮ ಜಗಲಿಯ ಮೇಲೆ ಹೊಸ ಕಂಬಳಿ ಹಾಸಿ, "ಬರ್ರಿ ಸಾಮಿ, ಕುಂತ್ಕಳ್ರಿ" ಎಂದಳು. ಅವರು ಕೂತರು, ಕಂಬಳಿಯನ್ನು ಅಂಗೈಯಿಂದ ಸವರಿದರು, ಕಾಗದ ನೋಡಿದರು. ಮೈಸೂರಿನ ಕಾಗದ, ಕರ್ನಾಟಕದ ಕಾಗದ. ನಾನು ಬಾಯಿಪಾಠ ಮಾಡಿಕೊಂಡಿದ್ದ ವಿವರಣೆಗೆ ಬಾಯಿ ತೆರೆದೆ. ಅವರು ಕೇಳಲೇ ಇಲ್ಲ. ಮಾವನನ್ನು, ಅವರ ಬರಿತಲೆಯನ್ನು ಒಮ್ಮೆ ನೋಡಿದರು. ಆಮೇಲೆ ಜಗಲಿ ಇಳಿದು ಹಿಂದೆ ಸರಿದು ನಿಂತು ಬೋರ್ಡಿನತ್ತ ಕತ್ತೆತ್ತಿ ಗಟ್ಟಿಯಾಗಿ ಓದಿದರು: "ಕೆಂಚನಹಟ್ಟಿ ಕಂಬಳಿ ಕಂಪನಿ." ಓದಿ ಮುಗಿಸಿ ಹುಬ್ಬು ಗಂಟಿಕ್ಕಿದರು.

"ಪೆದ್ದಾಯನಾ, ಇದಿ ಕನ್ನಡಮಾ, ತೆಲುಗಾ?"

ನನ್ನ ಕಂಪನಿ ಪೂರ್ತಿ ಕಂಪನವಾಯಿತು. ತುಪ್ಪಳದ ಬೋರ್ಡನ್ನು ಬೆನ್ನ ಹಿಂದೆ ಅಡಗಿಸಿಕೊಂಡು, "ಸಾರ್, ಅದು, ಬಸ್ಸಿನಲ್ಲಿ, ಉಣ್ಣೆ" ಎಂದು ತೊದಲಿದೆ. ಆದರೆ ಮಾವನ ಕಿವಿಗೆ ಬಿದ್ದದ್ದು ಆ ಪ್ರಶ್ನೆಯಲ್ಲ. ಪೆದ್ದಾಯನ ಎಂಬ ಮಾತು. ಹಿರಿಯರೇ, ದೊಡ್ಡವರೇ ಎಂದು ಆ ಸೀಮೆಯಲ್ಲಿ ಮರ್ಯಾದೆಯಿಂದ ಕರೆಯುವ ಮಾತು. ಅದನ್ನು ಅವರು ಒಂದು ಗಳಿಗೆ ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡ ಹಾಗೆ ಸುಮ್ಮನೆ ಇಟ್ಟುಕೊಂಡರು. ಆಮೇಲೆ ಮುಂದೆ ಬಂದರು.

"ನೀವು ಈಗ ಓದಿದ್ರಲ್ಲ ಸಾಮಿ?"

"ಓದಿದೆ" ಎಂದರು ಅಧಿಕಾರಿ, ಕನ್ನಡದಲ್ಲೇ.

"ತಡವರಿಸ್ದೆ ಓದಿದ್ರಿ?"

"ಓದಿದೆ."

"ಹಂಗಾರೆ ಅದು ನಿಮ್ದೇ ಭಾಷೆ. ನಂಗೆ ಅಕ್ಷರ ಬರಲ್ಲ. ನಂಗೆ ಅದು ಕನ್ನಡಾನೂ ಅಲ್ಲ, ತೆಲುಗೂ ಅಲ್ಲ. ಓದಿದೋರ್ದು ಅದು."

ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ಅಧಿಕಾರಿ ನಗುತ್ತಿದ್ದರು. ನಗುತ್ತಲೇ ಜವಾನನ ಚೀಲದಿಂದ, ಮೂಟೆಗಳಿಗೆ ಗುರುತು ಹಾಕುವ ಸುಣ್ಣದ ಬಳಪ ತೆಗೆದುಕೊಂಡರು. "ಮಾ ತಲಕಟ್ಟು ಒಕ್ಕಟೇ ಲೇದು" ಎಂದರು. ನಮ್ಮ ತಲೆಕಟ್ಟು ಒಂದಿಲ್ಲ, ಅಷ್ಟೆ. ಜಗಲಿಯ ಮೇಲೆ ಹತ್ತಿ, ಕಾಲಬೆರಳ ಮೇಲೆ ನಿಂತು, ಕೆಂಪು ಅಕ್ಷರಗಳ ನೆತ್ತಿಯ ಮೇಲೆ ಒಂದೊಂದಾಗಿ ಬಿಳಿಯ ಗೀಟು ಎಳೆಯತೊಡಗಿದರು.

"ಏನ್ಮಾಡ್ತಾವ್ರೆ ಅಳಿಯ?" ಎಂದು ಮಾವ ಪಿಸುಗುಟ್ಟಿದರು.

"ತಲೆಕಟ್ಟು ಹಾಕ್ತಿದ್ದಾರೆ ಮಾವ" ಎಂದೆ.

ಹೇಳಿದ ಮೇಲೆ ನಾನೇನು ಹೇಳಿದೆನೆಂದು ನನಗೆ ಗೊತ್ತಾಯಿತು. ಮಾವನ ಬಲಗೈ ತಾನಾಗಿ ನೆತ್ತಿಗೆ ಹೋಗಿತ್ತು. ಬಿಚ್ಚಿಸಿದ ಇಲಾಖೆಯ ಮನುಷ್ಯ ಕಾಲಬೆರಳ ಮೇಲೆ ನಿಂತು ಕಟ್ಟುತ್ತಿದ್ದ. ಕಟ್ಟಿ ಮುಗಿಸಿ ಅವರು ಕೆಳಗಿಳಿದಾಗ ಮಾವ ಕೈಮುಗಿದು, "ಸಾಮಿ, ಇನ್ನೊಂದು ಸಲ ಓದ್ರಿ. ಗಟ್ಟಿಯಾಗಿ ಓದ್ರಿ. ಒಳಗೆ ನಮ್ಮ ಬೀಗಿತಿಗೆ ಕೇಳ್ಲಿ" ಎಂದರು. ಅಧಿಕಾರಿ ಓದಿದರು. ಹಟ್ಟಿಯ ಹೆಸರು ಬೀದಿಯ ಕೊನೆಯವರೆಗೆ ಕೇಳಿಸಿತು. ಬಾಗಿಲ ಮರೆಯಲ್ಲಿದ್ದ ಲಕ್ಕಮ್ಮನ ಅತ್ತೆ ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ಮಾವ ಹೆಗಲ ಮೇಲಿನ ರುಮಾಲನ್ನು ಕೊಡವಿ, ಎಲ್ಲರ ಎದುರಿಗೆ, ನಿಧಾನವಾಗಿ ತಲೆಗೆ ಸುತ್ತಿದರು. ಅವತ್ತು ಮಗಳ ಮನೆಯಲ್ಲಿ ಎರಡು ಮುದ್ದೆ ಉಂಡರು. ನಾನು ಅರ್ಧವನ್ನೂ ಉಣ್ಣಲಾರದೆ ಹೋದೆ. ಅಧಿಕಾರಿ ಮನೆಗೆ ಹೋಗಿ ಮನಸ್ಸು ಬದಲಾಯಿಸಿದರೆ ಎಂದು.

ಅವರು ಬದಲಾಯಿಸಲಿಲ್ಲ. ನೋಂದಣಿ ಅಂಚೆಯಲ್ಲಿ ಬಂತು. ಕಂಪನಿ ಕೆಲವು ವರ್ಷ ನಡೆದು, ಮಿಲ್ಲಿನ ರಗ್ಗುಗಳು ಸಂತೆಗೆ ಬಂದ ಮೇಲೆ ಸದ್ದಿಲ್ಲದೆ ನಿಂತಿತು. ಬಳಪದ ಗೀಟುಗಳು ಮೊದಲ ಮಳೆಗೇ ತೊಳೆದುಹೋಗಿದ್ದವಂತೆ. ಮತ್ತೆ ಯಾರೂ ಬರೆಸಲಿಲ್ಲ, ಯಾರೂ ಕೇಳಲಿಲ್ಲ. ಆ ಊರಿನವರು ಬೋರ್ಡನ್ನು ಓದುತ್ತಲೇ ಇದ್ದರು. ಆ ಬೋರ್ಡಿನ ಕೆಳಗಿನ ಮೂಲೆಯಲ್ಲಿ ನೋಂದಾಯಿತ ಕಚೇರಿಯ ವಿಳಾಸವನ್ನು ಬಾಷಾ ಬರೆದೇ ಇರಲಿಲ್ಲ ಎಂಬುದು ನನ್ನ ಕಣ್ಣಿಗೆ ಬಿದ್ದದ್ದು ಬಹಳ ವರ್ಷದ ಮೇಲೆ. ಕಂಪನಿ ಮುಚ್ಚಿದ ಎಷ್ಟೋ ಕಾಲದ ನಂತರ, ಅದಕ್ಕಾಗಿ ನಾನು ಆ ಬೀದಿಯಲ್ಲಿ ನಿಂತು ಮನಸಾರೆ ಬೆವರಿದೆ.

ಚಟ ಇನ್ನೂ ಬಿಟ್ಟಿಲ್ಲ. ಈಗಲೂ ಬೋರ್ಡು ಕಂಡರೆ ಮೊದಲು ಕೆಳಗಿನ ಸಣ್ಣ ಅಕ್ಷರ ಓದುತ್ತೇನೆ, ತಪ್ಪಿದ್ದರೆ ದಿಗಿಲುಬೀಳುತ್ತೇನೆ. ಆಮೇಲೆ ನಿಧಾನವಾಗಿ ಕಣ್ಣನ್ನು ಮೇಲಕ್ಕೆ ಒಯ್ದು, ದೊಡ್ಡ ಅಕ್ಷರಗಳ ನೆತ್ತಿ ನೋಡುತ್ತೇನೆ. ಅಲ್ಲಿ ತಲೆಕಟ್ಟು ನೆಟ್ಟಗಿದ್ದರೆ, ಹೋಗಲಿ ಬಿಡು, ಇವರು ಯಾವ ಗಡಿ ಬೇಕಾದರೂ ದಾಟುತ್ತಾರೆ ಎಂದುಕೊಂಡು, ಸೀರೆಯ ಬಣ್ಣ ನೋಡಲು ಒಳಗೆ ಹೋಗುತ್ತೇನೆ.